ಆಟ ನಿಂತ ಮೇಲಿನ ಬೇಸ್‌ಬಾಲ್: ಎಂಎಲ್‌ಬಿ ಟ್ರೇಡ್ ರೂಮರ್ಸ್ ಸೇವೆಯ ವಿಮರ್ಶೆ

ಪ್ರತಿ ವರ್ಷ ಅಮೆರಿಕದ ಬೇಸ್‌ಬಾಲ್ ಋತುವಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಮುಗಿದ ಕೆಲವೇ ದಿನಗಳಲ್ಲಿ ಎಂಎಲ್‌ಬಿ ಟ್ರೇಡ್ ರೂಮರ್ಸ್ ಐವತ್ತು ಫ್ರೀ ಏಜೆಂಟ್‌ಗಳ, ಅಂದರೆ ಒಪ್ಪಂದ ತೀರಿ ಯಾವ ತಂಡವನ್ನಾದರೂ ಸೇರಬಲ್ಲ ಆಟಗಾರರ, ಪಟ್ಟಿಯೊಂದನ್ನು ಪ್ರಕಟಿಸುತ್ತದೆ. ಯಾವ ಆಟಗಾರನಿಗೆ ಎಷ್ಟು ವರ್ಷಗಳ, ಎಷ್ಟು ಡಾಲರ್‌ಗಳ ಒಪ್ಪಂದ ಸಿಗಬಹುದು ಎಂಬ ಅಂದಾಜು ಪ್ರತಿ ಹೆಸರಿನ ಮುಂದೆಯೂ ಇರುತ್ತದೆ. ಟಿಮ್ ಡಿಯರ್ಕ್ಸ್ ಅವರು 2005ರಲ್ಲಿ ಆರಂಭಿಸಿದ ಈ ಸುದ್ದಿಸೇವೆಯನ್ನು ಅಳೆಯಲು ಪಟ್ಟಿಯ ಅಂಕಿಗಳನ್ನು ಆಮೇಲೆ ಆದ ಒಪ್ಪಂದಗಳ ಪಕ್ಕದಲ್ಲಿಟ್ಟು ನೋಡಿದರೆ ಸಾಕು ಎಂದು ಅನ್ನಿಸುವುದು ಸಹಜ. ಹಾಗೆ ನೋಡಿದರೆ ಅಂಕಿಗಳು ಬಹಳ ಸಲ ದೂರ ಸರಿದಿವೆ. ಆದರೂ ಚಳಿಗಾಲದ ಬೇಸ್‌ಬಾಲ್ ವ್ಯವಹಾರವನ್ನು ಅರ್ಥ ಮಾಡಿಕೊಳ್ಳಬೇಕು ಎನ್ನುವವರಿಗೆ ನಾನು ಮೊದಲು ಸೂಚಿಸುವುದು ಇದನ್ನೇ. ಅಂದಾಜು ತಪ್ಪಿದಾಗ ಅದು ಏಕೆ ತಪ್ಪಿತು ಎಂದು ಓದುಗರು ತಾವೇ ಲೆಕ್ಕ ಹಾಕಿಕೊಳ್ಳಲು ಬೇಕಾದ ಸಾಮಗ್ರಿಯನ್ನೆಲ್ಲ ಈ ಸೇವೆ ಅಲ್ಲೇ ಒದಗಿಸಿರುತ್ತದೆ. ಅಂಥ ಇನ್ನೊಂದು ತಾಣ ನನಗೆ ಸಿಕ್ಕಿಲ್ಲ.

ಐಪಿಎಲ್ ಹರಾಜಿಗೆ ಒಗ್ಗಿದ ನಮ್ಮ ಓದುಗರಿಗೆ ಇಂಥದೊಂದು ಸೇವೆ ಏಕೆ ಬೇಕು ಎಂಬುದನ್ನು ಮೊದಲು ಹೇಳಬೇಕು. 2024ರ ನವೆಂಬರ್‌ನಲ್ಲಿ ಜೆಡ್ಡಾದಲ್ಲಿ ನಡೆದ ಮಹಾ ಹರಾಜಿನಲ್ಲಿ ಜಾಶ್ ಹೇಜಲ್‌ವುಡ್ ಅವರು 12.5 ಕೋಟಿ ರೂಪಾಯಿಗೆ ಆರ್‌ಸಿಬಿ ಪಾಲಾದದ್ದನ್ನು ಎಲ್ಲರೂ ಅದೇ ಗಳಿಗೆಯಲ್ಲಿ ಕಂಡರು; ಯಾವ ತಂಡದ ಕೈಯಲ್ಲಿ ಎಷ್ಟು ಹಣ ಉಳಿದಿದೆ ಎಂಬುದೂ ಗುಟ್ಟಾಗಿರಲಿಲ್ಲ. ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ (ಎಂಎಲ್‌ಬಿ) ಹರಾಜಿಲ್ಲ, ತಂಡದ ಒಟ್ಟು ಸಂಬಳಕ್ಕೆ ಕಟ್ಟುನಿಟ್ಟಾದ ಮಿತಿಯೂ ಇಲ್ಲ. ನಿಗದಿಯಾದ ಮೊತ್ತವನ್ನು (2025ಕ್ಕೆ ಅದು 24.1 ಕೋಟಿ ಡಾಲರ್ ಆಗಿತ್ತು) ಮೀರಿದ ತಂಡ ತೆರಿಗೆ ಕಟ್ಟಬೇಕು, ಅಷ್ಟೆ. ಆರು ವರ್ಷಗಳ ಸೇವೆ ಮುಗಿಸಿದ ಆಟಗಾರ ಒಪ್ಪಂದ ತೀರಿದ ಮೇಲೆ ಯಾವ ತಂಡದ ಜೊತೆಗಾದರೂ ಮಾತುಕತೆ ನಡೆಸಬಹುದು. ಆ ಮಾತುಕತೆ ಏಜೆಂಟ್ ಮತ್ತು ತಂಡದ ಅಧಿಕಾರಿಗಳ ನಡುವೆ ಗುಟ್ಟಾಗಿ ನಡೆಯುತ್ತದೆ. ವರದಿಗಾರರ ಕಿವಿಗೆ ಬೀಳುವುದು ಎರಡು ಕಡೆಯವರಲ್ಲಿ ಯಾರೋ ಒಬ್ಬರು ತಮ್ಮ ಅನುಕೂಲಕ್ಕೆ ತಕ್ಕಂತೆ ಹೊರಬಿಟ್ಟ ಮಾತು. ಅಂಥ ಮಾತುಗಳನ್ನು ಒಂದೆಡೆ ಸೇರಿಸಿ, ಯಾವುದು ಯಾರ ವರದಿ ಎಂದು ಹೆಸರಿಸಿ, ಆಟಗಾರನ ಹಿಂದಿನ ಸಾಧನೆ, ಸಂಬಳ ಮತ್ತು ಉಳಿದ ಒಪ್ಪಂದದ ವಿವರಗಳ ಜೊತೆ ಕೊಡುವುದು ಈ ಸೇವೆಯ ಕಸುಬು.

ಇನ್ನು ಅಂದಾಜುಗಳ ವಿಷಯ. 2018ರ ನವೆಂಬರ್‌ನಲ್ಲಿ ಬ್ರೈಸ್ ಹಾರ್ಪರ್ ಅವರಿಗೆ 14 ವರ್ಷಕ್ಕೆ 42 ಕೋಟಿ ಡಾಲರ್, ಮ್ಯಾನಿ ಮಚಾಡೊ ಅವರಿಗೆ 13 ವರ್ಷಕ್ಕೆ 39 ಕೋಟಿ ಡಾಲರ್ ಎಂದು ಪಟ್ಟಿ ಹೇಳಿತ್ತು. ಫಿಲಡೆಲ್ಫಿಯಾ ಫಿಲ್ಲೀಸ್ ಹಾರ್ಪರ್ ಅವರಿಗೆ ಕೊಟ್ಟದ್ದು 13 ವರ್ಷಕ್ಕೆ 33 ಕೋಟಿ. ಸ್ಯಾನ್ ಡಿಯಾಗೊ ಪಾದ್ರೇಸ್ ಮಚಾಡೊ ಅವರಿಗೆ ಕೊಟ್ಟದ್ದು 10 ವರ್ಷಕ್ಕೆ 30 ಕೋಟಿ. ಮರುವರ್ಷ ಗೆರಿಟ್ ಕೋಲ್ ಅವರ ಅಂದಾಜನ್ನು 25.6 ಕೋಟಿಗೆ ನಿಲ್ಲಿಸಿದಾಗ ನ್ಯೂಯಾರ್ಕ್ ಯಾಂಕೀಸ್ 32.4 ಕೋಟಿ ಕೊಟ್ಟಿತು. 2022ರಲ್ಲಿ ಆ್ಯರನ್ ಜಡ್ಜ್ ಅವರ 33.2 ಕೋಟಿಯ ಅಂದಾಜು 36 ಕೋಟಿಯಾದದ್ದು ದೊಡ್ಡ ವ್ಯತ್ಯಾಸವೇನಲ್ಲ; ಆದರೆ ಏಳು ವರ್ಷಕ್ಕೆ 18.9 ಕೋಟಿ ಎಂದಿದ್ದ ಜ್ಯಾಂಡರ್ ಬೋಗಾರ್ಟ್ಸ್ ಅವರಿಗೆ ಪಾದ್ರೇಸ್ 11 ವರ್ಷಕ್ಕೆ 28 ಕೋಟಿ ಕೊಟ್ಟಿತು. ಆ ಚಳಿಗಾಲದಲ್ಲಿ ತಂಡಗಳು ಅವಧಿಯನ್ನು ಉದ್ದ ಮಾಡಿ ವಾರ್ಷಿಕ ಸರಾಸರಿಯನ್ನು ಇಳಿಸುವ ದಾರಿ ಹಿಡಿದಿದ್ದವು, ಏಕೆಂದರೆ ತೆರಿಗೆಯ ಲೆಕ್ಕ ನಡೆಯುವುದು ಸರಾಸರಿಯ ಮೇಲೆ. ಅಂದಾಜು ತಪ್ಪಿದ್ದು ಆಟಗಾರನ ಯೋಗ್ಯತೆಯ ವಿಷಯದಲ್ಲಲ್ಲ, ಒಪ್ಪಂದ ಕಟ್ಟುವ ಬಗೆಯ ವಿಷಯದಲ್ಲಿ ಎಂಬುದು ಎರಡು ಅಂಕಿಗಳನ್ನೂ ಭಾಗಿಸಿ ನೋಡಿದರೆ ಸ್ಪಷ್ಟವಾಗುತ್ತದೆ: ಅಂದಾಜಿನ ಪ್ರಕಾರ ವರ್ಷಕ್ಕೆ 2.7 ಕೋಟಿ, ನಿಜದಲ್ಲಿ 2.55 ಕೋಟಿಗಿಂತ ಕಡಿಮೆ.

ಈ ಸೇವೆಯ ಬಲ ಮತ್ತು ಮಿತಿ ಎರಡೂ ಒಟ್ಟಿಗೆ ಕಾಣಸಿಗುವುದು 2023-24ರ ಚಳಿಗಾಲದಲ್ಲಿ; ಅದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಪಟ್ಟಿಯ ತುದಿಯಲ್ಲಿದ್ದ ಶೊಹೇ ಒಟಾನಿ ಅವರಿಗೆ 52.8 ಕೋಟಿ ಎಂದು ಅಂದಾಜಿಸಲಾಗಿತ್ತು. ಲಾಸ್ ಏಂಜಲೀಸ್ ಡಾಡ್ಜರ್ಸ್ 70 ಕೋಟಿಗೆ ಸಹಿ ಹಾಕಿಸಿಕೊಂಡಿತು. ಜಪಾನಿನ ಯೊಶಿನೊಬು ಯಮಾಮೊಟೊ ಅವರ 22.5 ಕೋಟಿ 32.5 ಕೋಟಿಯಾಯಿತು, ಅದರ ಮೇಲೆ ಅವರ ಹಳೆಯ ತಂಡಕ್ಕೆ ಡಾಡ್ಜರ್ಸ್ ತೆತ್ತ ಬಿಡುಗಡೆ ಶುಲ್ಕವೇ ಐದು ಕೋಟಿ ಡಾಲರ್ ದಾಟಿತು. ಆದರೆ ಪಟ್ಟಿಯಲ್ಲಿ ಅವರ ಆಸುಪಾಸಿನಲ್ಲೇ ಇದ್ದ, ಏಜೆಂಟ್ ಸ್ಕಾಟ್ ಬೋರಾಸ್ ಪ್ರತಿನಿಧಿಸುತ್ತಿದ್ದ ನಾಲ್ವರ ಕಥೆ ತೀರ ಬೇರೆಯಾಯಿತು. ಕೋಡಿ ಬೆಲಿಂಜರ್ ಅವರಿಗೆ 26.4 ಕೋಟಿ ಎಂದಿದ್ದದ್ದು ಮೂರು ವರ್ಷಕ್ಕೆ 8 ಕೋಟಿಗೆ ಇಳಿಯಿತು. ಪಿಚರ್ (ಚೆಂಡೆಸೆತಗಾರ) ಬ್ಲೇಕ್ ಸ್ನೆಲ್ ಅವರ 20 ಕೋಟಿ ಎರಡು ವರ್ಷಕ್ಕೆ 6.2 ಕೋಟಿಯಾಯಿತು. ಮ್ಯಾಟ್ ಚಾಪ್‌ಮನ್ ಅವರ 15 ಕೋಟಿ ಮೂರು ವರ್ಷಕ್ಕೆ 5.4 ಕೋಟಿಯಾಯಿತು. ಪಿಚರ್ ಜೋರ್ಡನ್ ಮಾಂಟ್‌ಗಮರಿ ಅವರಿಗೂ ಆರು ವರ್ಷಕ್ಕೆ 15 ಕೋಟಿ ಎಂದು ಬರೆದಿದ್ದರು. ಮಾರ್ಚ್ ಕೊನೆಯಲ್ಲಿ ಅರಿಜೋನಾ ಡೈಮಂಡ್‌ಬ್ಯಾಕ್ಸ್‌ನಿಂದ ಸಿಕ್ಕಿದ್ದು ಒಂದು ವರ್ಷಕ್ಕೆ 2.5 ಕೋಟಿ, ಜೊತೆಗೆ ಷರತ್ತಿನ ಮೇಲೆ ಇನ್ನೊಂದು ವರ್ಷ.

ಮೇಲ್ನೋಟಕ್ಕೆ ಇದು ಅಂದಾಜಿನ ದೊಡ್ಡ ಸೋಲು. ಪ್ರಾದೇಶಿಕ ಕ್ರೀಡಾ ಚಾನೆಲ್‌ಗಳನ್ನು ನಡೆಸುತ್ತಿದ್ದ ಡೈಮಂಡ್ ಸ್ಪೋರ್ಟ್ಸ್ ಗ್ರೂಪ್ 2023ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿದ್ದರಿಂದ, ಟಿವಿ ಹಣವನ್ನು ನೆಚ್ಚಿಕೊಂಡಿದ್ದ ಹಲವು ತಂಡಗಳು ಕೈ ಬಿಗಿಹಿಡಿದವು. ಅದರ ಪರಿಣಾಮ ಇಷ್ಟು ಆಳಕ್ಕೆ ಇಳಿಯುತ್ತದೆಂದು ನವೆಂಬರ್‌ನ ಪಟ್ಟಿ ಎಣಿಸಿರಲಿಲ್ಲ. ಆದರೆ ನಾಲ್ವರಲ್ಲಿ ಮೂವರ ಮುಂದಿನ ಹಾದಿಯನ್ನು ಇದೇ ಸೇವೆಯ ಹಳೆಯ ವರದಿಗಳಲ್ಲಿ ಹುಡುಕಿಕೊಂಡು ಹೋದರೆ ಚಿತ್ರ ಬದಲಾಗುತ್ತದೆ. ಚಾಪ್‌ಮನ್ ಅವರು ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಪರ ಒಂದು ಋತು ಆಡುವಷ್ಟರಲ್ಲಿ, 2024ರ ಸೆಪ್ಟೆಂಬರ್‌ನಲ್ಲಿ, ಅದೇ ತಂಡದಿಂದ ಆರು ವರ್ಷಕ್ಕೆ 15.1 ಕೋಟಿಯ ಹೊಸ ಒಪ್ಪಂದ ಪಡೆದರು. ಹಿಂದಿನ ನವೆಂಬರ್‌ನ ಅಂದಾಜು ಆರು ವರ್ಷಕ್ಕೆ 15 ಕೋಟಿ ಎಂದೇ ಇತ್ತು. ಸ್ನೆಲ್ ಅವರೂ ಜೈಂಟ್ಸ್‌ಗೇ ಬಂದು, ಋತುವಿಗೆ ಮುಂಚಿನ ತರಬೇತಿಯಾದ ಸ್ಪ್ರಿಂಗ್ ಟ್ರೈನಿಂಗ್ ತಪ್ಪಿಸಿಕೊಂಡ ಕಾರಣಕ್ಕೋ ಏನೋ ಮೊದಲ ತಿಂಗಳುಗಳಲ್ಲಿ ಸತತ ಹೊಡೆತ ತಿಂದು, ಆಗಸ್ಟ್ 2ರಂದು ಸಿನ್ಸಿನಾಟಿಯಲ್ಲಿ ಎದುರಾಳಿಗೆ ಒಂದೂ ಹಿಟ್ ಕೊಡದೆ ಪಂದ್ಯ ಮುಗಿಸಿ, ಋತು ಮುಗಿಯುತ್ತಲೇ ಎರಡನೆಯ ವರ್ಷವನ್ನು ಬಿಟ್ಟುಕೊಟ್ಟು, ಡಾಡ್ಜರ್ಸ್‌ನಿಂದ ಐದು ವರ್ಷಕ್ಕೆ 18.2 ಕೋಟಿ ಪಡೆದರು. ಜೈಂಟ್ಸ್‌ನಲ್ಲಿ ಒಂದು ವರ್ಷಕ್ಕೆ ಸಂದ 3.2 ಕೋಟಿಯನ್ನೂ ಸೇರಿಸಿದರೆ ಆರು ವರ್ಷಕ್ಕೆ 21.4 ಕೋಟಿ, ಏಳು ವರ್ಷಕ್ಕೆ 20 ಕೋಟಿ ಎಂದಿದ್ದ ಅಂದಾಜಿಗಿಂತ ಇದು ಮೇಲು. ಮಾಂಟ್‌ಗಮರಿ ಅವರಿಗೆ ಮಾತ್ರ ಈ ಭಾಗ್ಯ ಬರಲಿಲ್ಲ. 2024ರಲ್ಲಿ ಒಂಬತ್ತು ಇನ್ನಿಂಗ್ಸ್‌ಗೆ ಅವರು ಬಿಟ್ಟುಕೊಟ್ಟ ರನ್‌ಗಳ ಸರಾಸರಿ ಆರು ದಾಟಿತು. ಮರುವರ್ಷ ಮೊಣಕೈ ಶಸ್ತ್ರಚಿಕಿತ್ಸೆಯಿಂದಾಗಿ ಅವರು ಕಣಕ್ಕೇ ಇಳಿಯಲಿಲ್ಲ. ಬೋರಾಸ್ ಅವರನ್ನಂತೂ 2024ರ ಏಪ್ರಿಲ್‌ನಲ್ಲೇ ಬಿಟ್ಟು ಬೇರೆ ಏಜೆನ್ಸಿ ಸೇರಿದ್ದರು.

ಹೀಗೆ ನೋಡಿದಾಗ ಪಟ್ಟಿಯ ಅಂಕಿ ಆಟಗಾರನ ಸುಮಾರು ಬೆಲೆಯನ್ನು ಹಿಡಿದಿತ್ತು, ಆ ಬೆಲೆ ಯಾವ ಚಳಿಗಾಲದಲ್ಲಿ, ಎಷ್ಟು ಕಂತುಗಳಲ್ಲಿ ಕೈಗೆ ಬರುತ್ತದೆ ಎಂಬುದನ್ನು ಹಿಡಿದಿರಲಿಲ್ಲ ಎಂದು ಹೇಳಬಹುದು. ಇದಕ್ಕೆ ಹಿನ್ನೆಲೆಯಲ್ಲಿರುವ ನಿಯಮವೊಂದಿದೆ. ಅದನ್ನು ಈ ಸೇವೆಯಷ್ಟು ತಾಳ್ಮೆಯಿಂದ ಮತ್ತೆ ಮತ್ತೆ ವಿವರಿಸುವವರು ಕಡಿಮೆ. ಕ್ವಾಲಿಫೈಯಿಂಗ್ ಆಫರ್ ಎಂದರೆ, ಲೀಗಿನ ಅತಿ ಹೆಚ್ಚು ಸಂಬಳದ 125 ಆಟಗಾರರ ಸರಾಸರಿಯಷ್ಟು ಹಣಕ್ಕೆ ಒಂದು ವರ್ಷ ಉಳಿದುಕೋ ಎಂದು ತಂಡವು ತನ್ನ ಫ್ರೀ ಏಜೆಂಟ್‌ಗೆ ಕೊಡುವ ಆಹ್ವಾನ. 2024ರ ನವೆಂಬರ್‌ನಲ್ಲಿ ಅದು 2.105 ಕೋಟಿ ಡಾಲರ್ ಆಗಿತ್ತು. ಆಹ್ವಾನ ಪಡೆದ 13 ಮಂದಿಯಲ್ಲಿ ಸಿನ್ಸಿನಾಟಿ ರೆಡ್ಸ್‌ನ ನಿಕ್ ಮಾರ್ಟಿನೆಜ್ ಒಬ್ಬರೇ ಒಪ್ಪಿಕೊಂಡರು. ನಿರಾಕರಿಸಿದ ಆಟಗಾರನನ್ನು ಬೇರೆ ತಂಡ ಸೇರಿಸಿಕೊಂಡರೆ ಆ ತಂಡ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ತನ್ನ ಸರದಿಯೊಂದನ್ನು ಕಳೆದುಕೊಳ್ಳುತ್ತದೆ. ಹಾಗಾಗಿ ಈ ಆಹ್ವಾನ ಆಟಗಾರನ ಬೆನ್ನಿಗೆ ಅಂಟಿದ ಹೊರೆಯೂ ಹೌದು. ಆದರೆ ಒಬ್ಬ ಆಟಗಾರನಿಗೆ ಇದನ್ನು ಜೀವಮಾನದಲ್ಲಿ ಒಂದೇ ಸಲ ಕೊಡಬಹುದು. ಸ್ನೆಲ್ ಅವರು 2023ರಲ್ಲಿ ನಿರಾಕರಿಸಿದ್ದರಿಂದ 2024ರಲ್ಲಿ ಹೊರೆಯಿಲ್ಲದೆ ಮಾರುಕಟ್ಟೆಗೆ ಬಂದರು. ಪೀಟ್ ಅಲೋನ್ಸೊ ಅವರದೂ ಇದೇ ದಾರಿ: 2024ರಲ್ಲಿ ಐದು ವರ್ಷಕ್ಕೆ 12.5 ಕೋಟಿಯ ಅಂದಾಜು, ಆಹ್ವಾನದ ನಿರಾಕರಣೆ, ಕೊನೆಗೆ ತಮ್ಮ ಹಳೆಯ ತಂಡವಾದ ನ್ಯೂಯಾರ್ಕ್ ಮೆಟ್ಸ್‌ನಲ್ಲೇ ಎರಡು ವರ್ಷಕ್ಕೆ 5.4 ಕೋಟಿ, ಮರುವರ್ಷ ಆ ಒಪ್ಪಂದದಿಂದ ಹೊರಬಂದು ಬಾಲ್ಟಿಮೋರ್ ಓರಿಯೋಲ್ಸ್‌ನಿಂದ ಐದು ವರ್ಷಕ್ಕೆ 15.5 ಕೋಟಿ. ಚಿಕ್ಕ ಒಪ್ಪಂದಕ್ಕೆ ಸಹಿ ಹಾಕಿದ ದಿನ ಪತ್ರಿಕೆಗಳು ಅವರನ್ನು ಸೋತವರೆಂದು ಬಣ್ಣಿಸಿದರೂ, ನಿಯಮ ಗೊತ್ತಿದ್ದ ಓದುಗರಿಗೆ ಮುಂದಿನ ನಡೆ ಆಗಲೇ ಕಾಣುತ್ತಿತ್ತು.

ನನ್ನ ಮುಖ್ಯ ಆಕ್ಷೇಪ ಇರುವುದೂ ಇಲ್ಲಿಯೇ. ಪಟ್ಟಿ ವರ್ಷ ಮತ್ತು ಮೊತ್ತ ಎಂಬ ಎರಡೇ ಅಂಕಿಗಳಲ್ಲಿ ಒಪ್ಪಂದವನ್ನು ಹಿಡಿದಿಡಲು ನೋಡುತ್ತದೆ. ನಡುವೆ ಹೊರಬರುವ ಹಕ್ಕಾಗಲಿ ಮುಂದೂಡಿದ ಪಾವತಿಯಾಗಲಿ ಆ ಅಂಕಿಗಳಲ್ಲಿ ಕಾಣುವುದಿಲ್ಲ. ಒಟಾನಿ ಅವರ 70 ಕೋಟಿಯಲ್ಲಿ 68 ಕೋಟಿ 2034ರಿಂದ ಸಲ್ಲುವಂಥದು. ಆಡುವ ಹತ್ತು ವರ್ಷ ಅವರಿಗೆ ಸಿಗುವುದು ವರ್ಷಕ್ಕೆ 20 ಲಕ್ಷ ಡಾಲರ್, ತೆರಿಗೆಯ ಲೆಕ್ಕದಲ್ಲಿ ಅವರ ವಾರ್ಷಿಕ ಬೆಲೆ ಸುಮಾರು 4.6 ಕೋಟಿ. ಹಾಗೆಂದ ಮೇಲೆ ಅಂದಾಜಿನ 52.8 ಕೋಟಿಯನ್ನು 70 ಕೋಟಿಯ ಜೊತೆ ಹೋಲಿಸುವುದಕ್ಕಿಂತ ಇಂದಿನ ಮೌಲ್ಯದ ಸುಮಾರು 46 ಕೋಟಿಯ ಜೊತೆ ಹೋಲಿಸುವುದು ನ್ಯಾಯ; ಆಗ ಅಂದಾಜೇ ಹೆಚ್ಚಾಗಿತ್ತು ಎಂದಾಗುತ್ತದೆ. ಇದಕ್ಕೆ ವಿರುದ್ಧವಾಗಿ, 2024ರ ಡಿಸೆಂಬರ್‌ನಲ್ಲಿ ಹ್ವಾನ್ ಸೋಟೊ ಅವರು ಮೆಟ್ಸ್ ಜೊತೆ ಮಾಡಿಕೊಂಡ 15 ವರ್ಷಗಳ 76.5 ಕೋಟಿಯ ಒಪ್ಪಂದದಲ್ಲಿ ಮುಂದೂಡಿಕೆಯೇ ಇಲ್ಲ. ಸಹಿಯ ಜೊತೆಗೇ 7.5 ಕೋಟಿ ಬೋನಸ್. 2029ರ ನಂತರ ಹೊರಬರುವ ಹಕ್ಕು. ಆ ಹಕ್ಕನ್ನು ತಡೆಯಬೇಕಾದರೆ ತಂಡವು ಉಳಿದ ಹತ್ತು ವರ್ಷಗಳಿಗೂ ವರ್ಷಕ್ಕೆ 40 ಲಕ್ಷ ಹೆಚ್ಚಿಸಬೇಕು. 60 ಕೋಟಿ ಎಂದು ಬರೆದಿದ್ದ ಅಂದಾಜು ಇಲ್ಲಿ ನಿಜವಾಗಿಯೂ ಹಿಂದೆ ಬಿತ್ತು. ಒಪ್ಪಂದ ಆದ ಮೇಲೆ ಈ ವಿವರಗಳನ್ನೆಲ್ಲ ಸೇವೆಯ ವರದಿಗಳು ಚೆನ್ನಾಗಿ ಬಿಡಿಸಿ ಹೇಳುತ್ತವೆ. ಅಷ್ಟೇ ಗಮನವನ್ನು ನವೆಂಬರ್‌ನ ಪಟ್ಟಿಯಲ್ಲೂ ಕೊಟ್ಟು, ಕನಿಷ್ಠ ಮೊದಲ ಹತ್ತು ಹೆಸರುಗಳಿಗಾದರೂ ಇಂದಿನ ಮೌಲ್ಯವನ್ನು ಬೇರೆಯಾಗಿ ನಮೂದಿಸಿದರೆ ಪಟ್ಟಿಯ ತೂಕ ಹೆಚ್ಚುತ್ತದೆ.

ಆರು ವರ್ಷ ತುಂಬದವರ ಸಂಬಳದ ವಿಷಯಕ್ಕೆ ಬಂದರೆ ಈ ಸೇವೆಗೆ ಸಾಟಿಯಿಲ್ಲ. ಸಾಮಾನ್ಯವಾಗಿ ಮೂರು ವರ್ಷ ಆಡಿದವರಿಗೆ ಆರ್ಬಿಟ್ರೇಷನ್ ಹಕ್ಕು ಬರುತ್ತದೆ. ತಂಡ ಮತ್ತು ಆಟಗಾರ ಒಪ್ಪದಿದ್ದಾಗ ಇಬ್ಬರೂ ಒಂದೊಂದು ಅಂಕಿ ಕೊಡುತ್ತಾರೆ, ಮೂವರು ತೀರ್ಪುಗಾರರು ಅವೆರಡರಲ್ಲಿ ಒಂದನ್ನೇ ಆರಿಸಬೇಕು, ನಡುವಿನ ಅಂಕಿಗೆ ಅವಕಾಶವಿಲ್ಲ. ಮ್ಯಾಟ್ ಸ್ವಾರ್ಟ್ಜ್ ರೂಪಿಸಿದ ಮಾದರಿಯ ಮೇಲೆ ಈ ಸೇವೆ ಪ್ರತಿ ಶರತ್ಕಾಲದಲ್ಲಿ ಅರ್ಹ ಆಟಗಾರರೆಲ್ಲರ ಸಂಬಳವನ್ನು ಅಂದಾಜಿಸುತ್ತದೆ. ತೀರ್ಪುಗಾರರು ಹೊಸ ಬಗೆಯ ಅಂಕಿಅಂಶಗಳಿಗಿಂತ ಹೋಮ್ ರನ್, ಆರ್‌ಬಿಐ (ಬ್ಯಾಟರ್ ತನ್ನ ಹೊಡೆತದಿಂದ ತಂಡಕ್ಕೆ ತಂದ ರನ್), ಸೇವ್‌ಗಳಂಥ ಹಳೆಯ ಲೆಕ್ಕಗಳಿಗೆ ಬೆಲೆ ಕೊಡುತ್ತಾರೆ ಎಂಬುದನ್ನು ಮಾದರಿ ಒಪ್ಪಿಕೊಂಡೇ ಹೊರಡುತ್ತದೆ. ಆಟಗಾರ ಎಷ್ಟಕ್ಕೆ ಯೋಗ್ಯ ಎನ್ನದೆ ಎಷ್ಟು ಸಿಕ್ಕೀತು ಎಂದಷ್ಟೇ ಹೇಳುತ್ತದೆ. ತಂಡವೊಂದು ಆಟಗಾರನನ್ನು ಉಳಿಸಿಕೊಳ್ಳುವುದೋ ಕೈಬಿಡುವುದೋ ಎಂದು ಊಹಿಸಲು ಬೇಕಾದದ್ದು ಈ ಅಂಕಿಯೇ. 2020ರ ಡಿಸೆಂಬರ್‌ನಲ್ಲಿ ಶಿಕಾಗೊ ಕಬ್ಸ್ ಹೀಗೆ ಕೈಬಿಟ್ಟ ಕೈಲ್ ಶ್ವಾರ್ಬರ್ ಅವರು ವಾಷಿಂಗ್ಟನ್‌ನಲ್ಲಿ ಒಂದು ವರ್ಷಕ್ಕೆ 1 ಕೋಟಿ ಪಡೆದು, 2022ರಲ್ಲಿ ಫಿಲ್ಲೀಸ್‌ನಿಂದ 7.9 ಕೋಟಿಯ, 2025ರ ಡಿಸೆಂಬರ್‌ನಲ್ಲಿ ಅದೇ ತಂಡದಿಂದ 15 ಕೋಟಿಯ ಒಪ್ಪಂದ ಪಡೆದರು. ಕೆಲವು ಲಕ್ಷಗಳ ಜಗಳ ದೊಡ್ಡ ಬಿರುಕಾಗುವುದೂ ಉಂಟು. 2023ರಲ್ಲಿ ಕಾರ್ಬಿನ್ ಬರ್ನ್ಸ್ ಅವರು 1.075 ಕೋಟಿ ಕೇಳಿ, ಮಿಲ್ವಾಕಿ ಬ್ರೂವರ್ಸ್ 1.001 ಕೋಟಿ ಎಂದು ವಾದಿಸಿ ಗೆದ್ದಿತು. ತಂಡದ ವಾದದಿಂದ ತಮಗೆ ನೋವಾಗಿದೆ ಎಂದು ಬರ್ನ್ಸ್ ಬಹಿರಂಗವಾಗಿಯೇ ಹೇಳಿದರು, ಮುಂದಿನ ಫೆಬ್ರವರಿಯಲ್ಲಿ ಅವರು ಬಾಲ್ಟಿಮೋರ್ ಪಾಲಾದರು.

ಗಾಳಿಸುದ್ದಿಯನ್ನು ನಿಭಾಯಿಸುವ ರೀತಿಯನ್ನು ನಾನು ವಿಶೇಷವಾಗಿ ಮೆಚ್ಚುತ್ತೇನೆ. 2022ರ ಡಿಸೆಂಬರ್‌ನಲ್ಲಿ ಜಡ್ಜ್ ಅವರು ಜೈಂಟ್ಸ್ ಸೇರುತ್ತಿದ್ದಾರೆಂದು ಹೆಸರಾಂತ ವರದಿಗಾರರೊಬ್ಬರು ಆತುರದಲ್ಲಿ ಬರೆದು ಕೆಲವೇ ನಿಮಿಷಗಳಲ್ಲಿ ಹಿಂತೆಗೆದುಕೊಂಡರು. ಒಂದು ವರ್ಷದ ನಂತರ ಒಟಾನಿ ಅವರು ಟೊರಾಂಟೊಗೆ ವಿಮಾನ ಹತ್ತಿದ್ದಾರೆಂಬ ವರದಿ ಹಬ್ಬಿ, ವಿಮಾನದಿಂದ ಇಳಿದವರು ಬೇರೆ ಯಾರೋ ಆಗಿದ್ದರು. ಬೇಸ್‌ಬಾಲ್ ಚಳಿಗಾಲದಲ್ಲಿ ಇಂಥವು ಆಗಾಗ ನಡೆಯುವಂಥವೇ. ವರದಿಯನ್ನು ತನ್ನದೆಂದು ಹೇಳಿಕೊಳ್ಳದೆ ಮೂಲ ವರದಿಗಾರರ ಹೆಸರನ್ನು ವಾಕ್ಯದಲ್ಲೇ ಇಡುವ ಪದ್ಧತಿಯಿಂದಾಗಿ, ಎಷ್ಟು ನಂಬಬೇಕೆಂದು ಓದುಗರೇ ತೀರ್ಮಾನಿಸಬಹುದು. ಸಹಿ ಬೇರೆ, ಒಪ್ಪಿಗೆಯ ಸುದ್ದಿ ಬೇರೆ ಎಂಬ ಎಚ್ಚರವನ್ನೂ ಈ ವರದಿಗಳು ಕಲಿಸುತ್ತವೆ. ಅದಕ್ಕೆ ಕಾರ್ಲೋಸ್ ಕೊರೇಯಾ ಅವರ ಪ್ರಸಂಗಕ್ಕಿಂತ ಉತ್ತಮ ಉದಾಹರಣೆ ಬೇಕಿಲ್ಲ: ಜೈಂಟ್ಸ್ ಜೊತೆ 13 ವರ್ಷಕ್ಕೆ 35 ಕೋಟಿ ಎಂದು ಸುದ್ದಿಯಾಗಿ, ಹಳೆಯ ಕಾಲಿನ ಗಾಯದ ಬಗ್ಗೆ ವೈದ್ಯಕೀಯ ತಪಾಸಣೆಯಲ್ಲಿ ಅನುಮಾನ ಬಂದು ಪತ್ರಿಕಾಗೋಷ್ಠಿಯೇ ರದ್ದಾಗಿ, ಮೆಟ್ಸ್ ಜೊತೆ 12 ವರ್ಷಕ್ಕೆ 31.5 ಕೋಟಿ ಎಂದಾಗಿ, ಅಲ್ಲೂ ಅದೇ ಅನುಮಾನ ಕಾಡಿ, 2023ರ ಜನವರಿಯಲ್ಲಿ ಮಿನ್ನೆಸೋಟಾ ಟ್ವಿನ್ಸ್ ಜೊತೆ ಆರು ವರ್ಷಕ್ಕೆ 20 ಕೋಟಿಗೆ ಮುಗಿಯಿತು. ಬೇ ಏರಿಯಾದಲ್ಲಿರುವ ಜೈಂಟ್ಸ್ ಅಭಿಮಾನಿ ಕನ್ನಡಿಗರ ಮುಂದೆ ಆ ಡಿಸೆಂಬರ್ ಮಾತನ್ನು ಎತ್ತದಿರುವುದೇ ಕ್ಷೇಮ.

ವಿನಿಮಯಗಳ ವಿಷಯದಲ್ಲಿ ಸೇವೆ ತಕ್ಕಮಟ್ಟಿಗೆ ಉಪಯುಕ್ತ, ಅದಕ್ಕಿಂತ ಹೆಚ್ಚೇನಿಲ್ಲ. ಐಪಿಎಲ್‌ನಲ್ಲಿ 2023ರಲ್ಲಿ ಕ್ಯಾಮರೂನ್ ಗ್ರೀನ್ ಅವರು ಮುಂಬೈಯಿಂದ ಆರ್‌ಸಿಬಿಗೆ ಬಂದದ್ದು 17.5 ಕೋಟಿ ರೂಪಾಯಿಯ ನಗದು ವ್ಯವಹಾರ. ಬೇಸ್‌ಬಾಲ್‌ನಲ್ಲಿ ಮುಖ್ಯವಾಗಿ ಆಟಗಾರರಿಗೆ ಆಟಗಾರರೇ ಬದಲು. ಅದೇ ವರ್ಷ ಡಿಸೆಂಬರ್‌ನಲ್ಲಿ ಸೋಟೊ ಮತ್ತು ಟ್ರೆಂಟ್ ಗ್ರಿಶಮ್ ಅವರಿಗಾಗಿ ಯಾಂಕೀಸ್ ಪಾದ್ರೇಸ್‌ಗೆ ಐವರನ್ನು ಕೊಟ್ಟಿತು. ಆ ಐವರಲ್ಲಿ ಡ್ರೂ ಥಾರ್ಪ್ ಅವರನ್ನು ಪಾದ್ರೇಸ್ ಮೂರು ತಿಂಗಳಲ್ಲೇ ಶಿಕಾಗೊ ವೈಟ್ ಸಾಕ್ಸ್‌ಗೆ ಕೊಟ್ಟು ಡಿಲನ್ ಸೀಸ್ ಅವರನ್ನು ತಂದಿತು. ಒಂದೇ ವರ್ಷ ಆಡಿ ಸೋಟೊ ಹೊರಟುಹೋದರೂ, ಜೊತೆಗೆ ಬಂದಿದ್ದ ಗ್ರಿಶಮ್ ಅವರು 2025ರಲ್ಲಿ 34 ಹೋಮ್ ರನ್ ಬಾರಿಸಿ, 2.2025 ಕೋಟಿಯ ಕ್ವಾಲಿಫೈಯಿಂಗ್ ಆಫರ್ ಒಪ್ಪಿ ಉಳಿದುಕೊಂಡರು. ಇಂಥ ಸರಪಳಿಯನ್ನು ಸೇವೆಯ ಹಳೆಯ ಪುಟಗಳಲ್ಲಿ ಹುಡುಕಿ ಜೋಡಿಸಿಕೊಳ್ಳಬಹುದು, ಆದರೆ ಜೋಡಿಸುವ ಕೆಲಸ ಓದುಗರದೇ. ವಿನಿಮಯದ ಮುಂಚೆ ಬರುವ ‘ಇಂಥ ತಂಡಕ್ಕೂ ಆಸಕ್ತಿಯಿದೆ’ ಎಂಬ ಸಾಲುಗಳಂತೂ ಡಿಸೆಂಬರ್‌ನಲ್ಲಿ ರಾಶಿ ಬೀಳುತ್ತವೆ. ಆಸಕ್ತಿ ಇಲ್ಲದ ತಂಡ ಯಾವುದೆಂದು ಹೇಳಿದ್ದರೆ ಬೇಗ ಮುಗಿಯುತ್ತಿತ್ತೇನೋ.

ಮೂಲ ಸೇವೆ ಉಚಿತ, ಜಾಹೀರಾತುಗಳಿರುತ್ತವೆ. ಚಂದಾ ಕಟ್ಟಿದರೆ ಜಾಹೀರಾತು ಹೋಗಿ ಹೆಚ್ಚಿನ ವಿಶ್ಲೇಷಣೆ ಸಿಗುತ್ತದೆ. ಬೇಕಾದ ತಂಡ, ಆಟಗಾರರ ಸುದ್ದಿ ಮಾತ್ರ ಬರುವಂತೆ ಆ್ಯಪ್‌ನಲ್ಲಿ ಆರಿಸಿಕೊಳ್ಳಬಹುದು. ಸಮಯದ ವ್ಯತ್ಯಾಸದಿಂದಾಗಿ ಬೆಂಗಳೂರಿನಲ್ಲಿರುವವರಿಗೆ ದೊಡ್ಡ ಸುದ್ದಿಗಳು ಬೆಳಗಿನ ಹೊತ್ತಿಗೆ ಸಿಗುತ್ತವೆ, ಸೋಟೊ ಒಪ್ಪಂದದ ಸುದ್ದಿ ಇಲ್ಲಿಗೆ ತಲುಪಿದ್ದೂ ಸೋಮವಾರ ಬೆಳಿಗ್ಗೆಯೇ. ಪ್ರತಿ ತಂಡದ ವರ್ಷವಾರು ಸಂಬಳಪಟ್ಟಿ ಬೇಕಾದವರಿಗೆ ಫ್ಯಾನ್‌ಗ್ರಾಫ್ಸ್‌ನ ರೋಸ್ಟರ್‌ರಿಸೋರ್ಸ್ ಹೆಚ್ಚು ಅನುಕೂಲ. ಹಳೆಯ ಒಪ್ಪಂದಗಳ ಷರತ್ತುಗಳಿಗೆ ಬೇಸ್‌ಬಾಲ್ ಪ್ರಾಸ್ಪೆಕ್ಟಸ್ ಇಟ್ಟಿರುವ ಕಾಟ್ಸ್ ದಾಖಲೆ ಒಳ್ಳೆಯದು.

ಹೊಸಬರು ಐವತ್ತರ ಪಟ್ಟಿಯಿಂದ ಆರಂಭಿಸದೆ, ಮೂವತ್ತು ತಂಡಗಳ ಬಗ್ಗೆಯೂ ಬರುವ ‘ಆಫ್‌ಸೀಸನ್ ಔಟ್‌ಲುಕ್’ ಲೇಖನಗಳಲ್ಲಿ ತಮ್ಮ ತಂಡದ್ದನ್ನು ಮೊದಲು ಓದಲಿ. ಖಚಿತ ಸಂಬಳ ಯಾರಿಗೆ, ಯಾರ ಒಪ್ಪಂದದಲ್ಲಿ ಆಯ್ಕೆಯ ವರ್ಷ ಉಳಿದಿದೆ, ಆರ್ಬಿಟ್ರೇಷನ್‌ಗೆ ಅರ್ಹರು ಯಾರು, ಹೊರಹೋಗುವವರು ಯಾರು ಎಂಬುದೆಲ್ಲ ಅಲ್ಲಿ ಆರಂಭದಲ್ಲೇ ಇರುತ್ತದೆ. ಚಂದಾ ಕಟ್ಟುವ ಯೋಚನೆಯಿದ್ದವರು ಒಂದು ದಿನಾಂಕವನ್ನು ನೆನಪಿನಲ್ಲಿಡಬೇಕು: ಲೀಗ್ ಮತ್ತು ಆಟಗಾರರ ಸಂಘದ ನಡುವಿನ ಈಗಿನ ಸಾಮೂಹಿಕ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಹಿಂದಿನ ಒಪ್ಪಂದ ಮುಗಿದಾಗ, 2021ರ ಡಿಸೆಂಬರ್ 2ರಿಂದ 2022ರ ಮಾರ್ಚ್ 10ರವರೆಗೆ ಮಾಲೀಕರು ಬೀಗಮುದ್ರೆ ಹಾಕಿದ್ದರಿಂದ ದೊಡ್ಡ ಒಪ್ಪಂದಗಳೂ ವಿನಿಮಯಗಳೂ ಪೂರ್ತಿ ನಿಂತಿದ್ದವು. ಅದಕ್ಕೆ ಮುಂಚಿನ ಕೆಲವೇ ದಿನಗಳಲ್ಲಿ ಕೋರಿ ಸೀಗರ್ ಅವರ 32.5 ಕೋಟಿ, ಮ್ಯಾಕ್ಸ್ ಶೆರ್ಜರ್ ಅವರ 13 ಕೋಟಿಯಂಥ ಒಪ್ಪಂದಗಳು ಒಂದರ ಹಿಂದೊಂದು ನುಗ್ಗಿಬಂದಿದ್ದವು. ಮತ್ತೆ ಹಾಗಾದರೆ ನವೆಂಬರ್ ತಿಂಗಳೊಂದಕ್ಕೇ ಈ ಸೇವೆ ಕೈಬಿಡದ ಸಂಗಾತಿಯಾಗುತ್ತದೆ, ಉಳಿದ ಚಳಿಗಾಲಕ್ಕೆ ಉಚಿತ ಪುಟಗಳೇ ಸಾಕಾಗುತ್ತವೆ.